ಅತ್ತೆ ಕೂತಾಗ ಮಾತ್ರ ಬರುವ ಬೇಸ್

ಬ್ಯಾಡಗಿಯ ಅಕ್ಕ ಕಾರಿನಿಂದ ಇಳಿಯಲೇ ಇಲ್ಲ. ಗಾಜು ಇಳಿಸಿ, ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡೇ ತಮಗೇನು ಬೇಕು ಅನ್ನೋದನ್ನು ಹೇಳಿ ಮುಗಿಸಿದರು.

"ತಮ್ಮಾ, ಹಾಡು ಕಿವಿಗೆ ಬರಾಕತ್ತೈತಿ, ಎದಿಗೆ ಬರವಲ್ದು. ಎದಿಗೆ ಬರೂ ಹಂಗ ಮಾಡಿಕೊಡು. ಆದ್ರ ಡಿಕ್ಕಿಗೆ ಮಾತ್ರ ಕೈ ಹಚ್ಚಾಂಗಿಲ್ಲ."

ನಾನು ಡಿಕ್ಕಿ ತೆಗೆದು ನೋಡಿದೆ. ಒಳಗೆ ಮೆಣಸಿನಕಾಯಿಯ ಸಣ್ಣ ಸಣ್ಣ ಮಾದರಿ ಚೀಲಗಳು, ಒಂದರ ಮೇಲೊಂದು, ಹಿಂದಿನ ಗಾಜಿನವರೆಗೆ. ಅಕ್ಕ ಮೆಣಸಿನಕಾಯಿ ವ್ಯಾಪಾರದವರು. ಮಾರ್ಕೆಟ್ಟಿನಲ್ಲಿ ನೋಡಿದ ಮಾಲಿನ ಮಾದರಿ ತುಂಬಿಸಿಕೊಂಡು, ತಾವೇ ಕಾರು ಓಡಿಸಿಕೊಂಡು, ಹಾವೇರಿ, ರಾಣೇಬೆನ್ನೂರು ಅಂತ ಖಾರದಪುಡಿ ಮಾಡುವವರ ಹತ್ತಿರ ತಿರುಗುವವರು. ಕಾರು ಸಣ್ಣದು, ಅದರ ಡಿಕ್ಕಿಯೇ ಅವರ ಅಂಗಡಿ. ದಿನದ ಅರ್ಧ ಸ್ಟೇರಿಂಗ್ ಹಿಂದೆಯೇ ಕಳೆಯುವುದರಿಂದ ಹಾಡು ಬೇಕೇ ಬೇಕು.

"ಒಂದ ತಾಸಿನ ಕೆಲಸ ನೋಡ್ರಿ ಅಕ್ಕಾರ," ಅಂದೆ.

ಈ ಮಾತು ಆಡಿದ ಬಾಯಿಗೆ ಆಗಲೇ ಯಾರಾದರೂ ಇನ್ಸುಲೇಷನ್ ಟೇಪು ಸುತ್ತಬೇಕಿತ್ತು. ಆ ಒಂದು ತಾಸು ಮುಗಿಯಲು ಒಂದು ತಿಂಗಳು ಹಿಡಿಯಿತು.

ಅಷ್ಟು ಜೋರಾಗಿ ಹೇಳಿದ್ದಕ್ಕೆ ಕಾರಣ ಇತ್ತು. ನಮ್ಮದು ರಾಣೇಬೆನ್ನೂರಿನಲ್ಲಿ ಕಾರಿಗೆ ಸ್ಟೀರಿಯೊ, ಸೀಟ್ ಕವರ್ ಹಾಕುವ ಅಂಗಡಿ. ಮಾಲಕರು ಹಾವೇರಿಯಲ್ಲಿ ಎರಡನೆಯ ಅಂಗಡಿ ಹಿಡಿದಿದ್ದರು, ಶಟರಿಗೆ ಬಣ್ಣ ಕೂಡ ಆಗಿತ್ತು. ಅದನ್ನು ನೋಡಿಕೊಳ್ಳಲು ಒಂದೋ ನಾನು ಹೋಗಬೇಕು, ಇಲ್ಲ ನನ್ನ ಜೊತೆ ಕೆಲಸ ಮಾಡುವ ಕರ್ಜಗಿಯವನು ಹೋಗಬೇಕು. ಕರ್ಜಗಿಯವನು ದಿನಕ್ಕೆ ಹತ್ತು ಮಾತು ಆಡುವ ಆಸಾಮಿ, ಅದರಲ್ಲಿ ಆರು "ಹೂಂ". ನಾನೋ, ಹತ್ತು ಮಾತನ್ನು ಉಸಿರು ಎಳೆದುಕೊಳ್ಳುವಾಗಲೇ ಆಡಿ ಮುಗಿಸಿರುತ್ತೇನೆ. ಅಂಗಡಿ ನಡೆಸಲು ಬಾಯಿ ಬೇಕಲ್ಲ? ಹಾವೇರಿ ನನಗೇ ಅಂತ ನನ್ನಷ್ಟಕ್ಕೇ ನಿರ್ಧರಿಸಿ, ನಮ್ಮೂರು ಕುಪ್ಪೇಲೂರಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಎರಡು ಓಣಿಗೆ ಹೇಳಿದಳು. ಕೊನೆಗೆ ನಾನು ದಿನಾ ಹತ್ತುವ ಬಸ್ಸಿನ ಕಂಡಕ್ಟರ್ ಕೂಡ "ಏನ್ರೀ ಹಾವೇರಿ ಮ್ಯಾನೇಜರ್" ಅಂತಲೇ ಟಿಕೆಟ್ ಕೊಡಲು ಶುರು ಮಾಡಿದ್ದ.

ಮೊದಲ ದಿನದ ಕೆಲಸ ಸರಳ. ಹಿಂದಿನ ಬಾಗಿಲುಗಳಲ್ಲಿ ಸ್ಪೀಕರೇ ಇಲ್ಲದ ಮಾಡೆಲ್ ಅದು. ಮುಂದಿನ ಎರಡೂ ಬಾಗಿಲಿನ ಹಲಗೆ ಬಿಚ್ಚಿ, ಕಂಪನಿ ಕೊಟ್ಟಿದ್ದ ಹಪ್ಪಳದಂಥ ಸ್ಪೀಕರ್ ತೆಗೆದು, ಆರೂವರೆ ಇಂಚಿನ ಒಳ್ಳೆಯ ಜೋಡಿ ಕೂರಿಸಿದೆ. ಹೊಸ ಸ್ಪೀಕರಿಗೆ ಹೊಂದುವ ಕಪ್ಲರ್, ಅಂದರೆ ವೈರು ಅದಲುಬದಲಾಗದ ಹಾಗೆ ಕೂರುವ ಪ್ಲಗ್ಗು, ಸ್ಟಾಕ್ ಇರಲಿಲ್ಲ. ಇರಲಿ ಬಿಡು ಅಂತ ಹಳೆಯ ಕಪ್ಲರ್ ಕತ್ತರಿಸಿ, ವೈರಿಗೆ ವೈರು ಸುತ್ತಿ, ಟೇಪು ಹಚ್ಚಿದೆ. ಬಾಗಿಲು ತೆಗೆದಿಟ್ಟು, ಹಾಡು ಹಚ್ಚಿ, ಹೊರಗೆ ರಸ್ತೆಯಲ್ಲಿ ನಿಂತು ಕೇಳಿ, ದೊಡ್ಡ ಉಸ್ತಾದನ ಹಾಗೆ ತಲೆ ಆಡಿಸಿದೆ. ಅಕ್ಕನಿಗೆ ಅವಸರ ಇತ್ತು, ಹೋದರು.

ನಾಲ್ಕನೇ ದಿನ ಮತ್ತೆ ಬಂದರು.

"ತಮ್ಮಾ, ಮೊದಲ ಎದಿತನಕ ಬರತಿದ್ದಿಲ್ಲ. ಈಗ ಗದ್ದದ ತನಕಾನೂ ಬರವಲ್ದು."

"ಹೊಸಾ ಸ್ಪೀಕರ್ ಅಲ್ರೀ ಅಕ್ಕಾರ, ಪಳಗಬೇಕು."

"ಪಳಗಾಕ ಅದೇನು ಎಮ್ಮಿ ಏನೋ?"

ಸ್ಟೀರಿಯೊದ ಸೆಟಿಂಗ್ ಒಳಗೆ ಹೋಗಿ ದಪ್ಪ ಸದ್ದಿನ ಬೇಸ್ ಪೂರ್ತಿ ಏರಿಸಿದೆ. ಬಾಗಿಲಿನ ಹಲಗೆ ಗಡಗಡ ಅಂದಿತು, ಬೇಸ್ ಬರಲಿಲ್ಲ. ಇನ್ನಷ್ಟು ವಾಲ್ಯೂಮ್ ಏರಿಸಿದೆ. ಹಾಡುವವನು ಬಾವಿಯೊಳಗಿಂದ ಕೂಗುವ ಹಾಗೆ ಕೇಳಿತು. ಇಷ್ಟಾದ ಮೇಲೆ ಬುದ್ಧಿ ಇದ್ದವನು ತಾನು ಮಾಡಿದ ಕೆಲಸದ ಮೇಲೆ ಅನುಮಾನ ಪಡುತ್ತಾನೆ. ನಾನು ಕಾರಿನ ಮೇಲೆ ಅನುಮಾನ ಪಟ್ಟೆ.

"ಸಣ್ಣ ಕಾರು ಅಕ್ಕಾರ, ಒಳಗ ಗಾಳಿ ಸಾಲಂಗಿಲ್ಲ. ಇದಕ್ಕ ಸಬ್‌ವೂಫರ್ ಬೇಕ."

ಸಬ್‌ವೂಫರ್ ಅಂದರೆ ದಪ್ಪ ಸದ್ದಿಗೆ ಅಂತಲೇ ಇರುವ ದೊಡ್ಡ ಸ್ಪೀಕರ್, ಅದಕ್ಕೊಂದು ಮರದ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಎಲ್ಲರೂ ಎಲ್ಲಿ ಇಡುತ್ತಾರೆ ಅನ್ನೋದು ಅಕ್ಕನಿಗೂ ಗೊತ್ತಿತ್ತು.

"ಡಿಕ್ಕಿ ಅಂದಿ ಅಂದ್ರ ನೋಡು ಮತ್ತ!"

"ಡಿಕ್ಕಿ ಒಳಗ ಅಲ್ರೀ. ಡಿಕ್ಕಿ ಕೆಳಗ."

ಸ್ಟೆಪ್ನಿ ಇಡುವ ಗುಂಡಿ! ಈ ವಿಚಾರ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಹೋಗಿ ಭುಜ ಹಿಡಿದುಕೊಂಡಿತು ಅಂದರೆ ನಂಬಿ. ಎರಡು ದಿನ ಕೂತು ಪ್ಲೈವುಡ್ಡಿನಲ್ಲಿ ಗುಂಡನೆಯ ಬಳೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಗುಂಡಿಯ ಆಳಕ್ಕೆ ಸರಿಯಾಗಿ ಕೂರುವ ಪೆಟ್ಟಿಗೆ ಮಾಡಿದೆ. ಎಂಟು ಇಂಚಿನ ಸಬ್‌ವೂಫರ್ ಹಾಕಿದೆ. ಬೇಸ್ ಹೆಚ್ಚಲಿ ಅಂತ ಪೆಟ್ಟಿಗೆಯ ಗಾಳಿ ಹೊರಗೆ ಬರಲು ಒಂದು ತೂತು ಬೇಕು. ನಲ್ಲಿ ಕೆಲಸದ ಪ್ಲಾಸ್ಟಿಕ್ ಪೈಪ್ ಕತ್ತರಿಸಿ, ಅದರ ಬಾಯಿ ಡಿಕ್ಕಿಯ ನೆಲಹಲಗೆಯ ಮೂಲೆಯಲ್ಲಿ ಮೇಲಕ್ಕೆ ತೆರೆಯುವ ಹಾಗೆ ಕೂರಿಸಿ, ಜಾಳಿಗೆ ಹಾಕಿ, ಮೇಲೆ ಹಳೆಯ ಕಾರ್ಪೆಟ್ ಹಾಸಿ ಅಷ್ಟು ಜಾಗ ಮಾತ್ರ ಕತ್ತರಿಸಿದೆ. ಬ್ಯಾಟರಿಯಿಂದ ಫ್ಯೂಸ್ ಹಾಕಿ ದಪ್ಪ ವೈರು ಎಳೆದೆ. ಇಳಿಸಿಟ್ಟಿದ್ದ ಚೀಲ ಮತ್ತೆ ಹೇರಲು ಡಿಕ್ಕಿಯಲ್ಲಿ ಮೊದಲಿನಷ್ಟೇ ಜಾಗ. ಸ್ಟೆಪ್ನಿ ಮಾತ್ರ ಅಕ್ಕನ ಮನೆಯಲ್ಲಿ ಇರಬೇಕು, ಅಷ್ಟೇ. ರಸ್ತೆಯಲ್ಲಿ ಪಂಕ್ಚರ್ ಆದರೆ ಏನು ಮಾಡೋದು ಅಂತ ಅಕ್ಕ ಕೇಳಿದ್ದಕ್ಕೆ "ಹಾಡು ಕೇಳಿಕೋತ ಕುಂದರ್ರಿ" ಅಂದಿದ್ದೆ.

ಟ್ರಯಲ್ ನೋಡಲು ಮಾಲಕರೂ ಬಂದರು. ಅಕ್ಕ ಓಡಿಸುತ್ತಿದ್ದರು, ಮಾಲಕರು ಪಕ್ಕದಲ್ಲಿ, ನಾನು ಹಿಂದೆ. ಬಿಸಿಲು ಅಂತ ಗಾಜು ಏರಿಸಿ ಎಸಿ ಹಾಕಿದ್ದೆವು. ಬೈಪಾಸ್ ಸೇರಿದ ಮೇಲೆ ನಾನು ಹಾಡು ಹಚ್ಚಿಸಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಡಿಕ್ಕಿಯಲ್ಲಿ ವರ್ಷಗಟ್ಟಲೆ ಮೆಣಸಿನಕಾಯಿ ತಿರುಗಾಡಿತ್ತು. ಕಾರ್ಪೆಟ್ಟಿನ ಎಳೆ ಎಳೆಯಲ್ಲಿ, ಅದರ ಕೆಳಗಿನ ಜಮಖಾನೆಯಂಥ ಪದರದಲ್ಲಿ, ಗುಂಡಿಯ ಸಂದಿಯಲ್ಲಿ ಖಾರದ ಧೂಳು ಕೂತಿತ್ತು. ಅದನ್ನು ಗುಡಿಸಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ನನಗಂತೂ ಅನ್ನಿಸುವುದೇ ಇಲ್ಲ. ಮೊದಲ ಢಂ ಅಂದ ಕೂಡಲೇ ನನ್ನ ಪೈಪು ಒಲೆ ಊದುವ ಕೊಳವೆಯ ಹಾಗೆ ಗಾಳಿ ಉಗುಳಿತು. ಎರಡನೇ ಢಂಗೆ ಹಿಂದಿನ ಗಾಜಿನ ಬಿಸಿಲಿನಲ್ಲಿ ಕೆಂಪನೆಯ ಹೊಗೆ ಏಳುವುದನ್ನು ನಾನು ಕಣ್ಣಾರೆ ನೋಡಿದೆ. ಮೂರನೇ ಢಂ ಹೊತ್ತಿಗೆ ನನ್ನ ಕಣ್ಣು ಕೆಲಸ ಮಾಡುತ್ತಿರಲಿಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಾಲಿಗೆಗೆ. ಮೂಗಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅಕ್ಕ ಸೀನುತ್ತಲೇ ಹೇಗೋ ಕಾರನ್ನು ಬದಿಗೆ ನಿಲ್ಲಿಸಿದರು. ಮೂವರೂ ಇಳಿದು, ರಸ್ತೆ ಪಕ್ಕ ಸಾಲಾಗಿ ನಿಂತು, ಕಣ್ಣು ಮೂಗು ಒರೆಸಿಕೊಳ್ಳುತ್ತಾ ಗಳಗಳ ಅತ್ತೆವು. ಬೈಕಿನಲ್ಲಿ ಹೊರಟಿದ್ದ ಹಿರಿಯರೊಬ್ಬರು ಗಾಡಿ ನಿಲ್ಲಿಸಿ, ದನಿ ಇಳಿಸಿ ಕೇಳಿದರು: "ಯಾರು ಹೋದರ್ರೀ?"

"ಇನ್ನೂ ಹೋಗಿಲ್ರಿ," ಅಂದರು ಮಾಲಕರು, ನನ್ನ ಕಡೆ ನೋಡುತ್ತಾ. "ಇವತ್ತ ಹೋಗ್ತಾನ."

ಅಕ್ಕ ಇನ್ನೊಮ್ಮೆ ಸೀನಿ ನನ್ನ ಕಡೆ ತಿರುಗಿದರು. "ತಮ್ಮಾ, ನಾ ಎದಿಗೆ ಬರ್ಲಿ ಅಂದಿದ್ದೆ. ಮೂಗಿಗೆ ಅಂದಿದ್ನೇನು?"

ಅಂಗಡಿಗೆ ವಾಪಸ್ ಬಂದು ಪೆಟ್ಟಿಗೆ ಬಿಚ್ಚಿದೆ, ಪೈಪು ಕಿತ್ತೆ. ಸ್ಟೆಪ್ನಿ ಮನೆಯಿಂದ ತಂದು ಗುಂಡಿಯಲ್ಲಿ ಇಟ್ಟುಕೊಳ್ಳಿ ಅಂತ ಅಕ್ಕನಿಗೆ ಹೇಳುವಾಗ ನೆಲ ನೋಡುತ್ತಿದ್ದೆ. ಅವರು ಹೋದ ಮೇಲೆ ಮಾಲಕರು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ನೋಡಲೇ, ಕೊನೀ ಮಾತು. ಆ ಕಾರು ಇನ್ನೊಮ್ಮೆ ದೂರು ಹೊತ್ಕೊಂಡು ನನ್ನ ಅಂಗಡಿ ಮುಂದ ನಿಂತಿತಂದ್ರ ಹಾವೇರಿ ಮರತಬಿಡು. ಇಲ್ಲೇ ಸೀಟ್ ಕವರ್ ಎಳಕೊಂತ ಕುಂದ್ರು. ಬೇಸ್ ಬರಸಿದಿ ಅಂದ್ರ ಬೀಗದ ಕೈ ನಿಂದು."

ಕೊನೆಯ ಉಪಾಯ ಅಂತ ಒಂದು ಉಳಿದಿತ್ತು. ಸೀಟಿನ ಕೆಳಗೆ ಸೇರುವ ಚಪ್ಪಟೆ ಡಬ್ಬಿ, ಅದರೊಳಗೇ ಸಬ್‌ವೂಫರ್, ಆಂಪ್ಲಿಫೈಯರ್ ಎರಡೂ ಇರುತ್ತವೆ. ಅಕ್ಕನಿಗೆ ಫೋನ್ ಮಾಡಿ ಹೇಳಿದಾಗ ಆಗಲಿ ಅಂದರು, ಆದರೆ ಸುಗ್ಗಿ ಟೈಮಿನಲ್ಲಿ ಕಾರು ಬಿಟ್ಟು ಹೋಗಲು ಆಗದು, ನೀನೇ ಬ್ಯಾಡಗಿಗೆ ಬಾ ಅಂದರು. ನನಗೆ ಒಳಗೊಳಗೇ ಖುಷಿ. ಕಾರು ಅಂಗಡಿ ಮುಂದೆ ಬಂದರೆ ತಾನೇ ತೊಂದರೆ? ನಾನು ಹೋದರೆ ಅದು ಬಂದ ಹಾಗಲ್ಲವಲ್ಲ! ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ, ಬಾಗಿಲಿನ ಗಡಗಡ ನಿಲ್ಲಿಸಲು ಒಂದು ಸುರುಳಿ ಡ್ಯಾಂಪಿಂಗ್ ಶೀಟು ಹೆಗಲಿಗೆ ಹಾಕಿಕೊಂಡು ಬೆಳಿಗ್ಗೆಯೇ ಬಸ್ ಹತ್ತಿದೆ. ಒಂದು ಬದಿ ಟಾರಿನಂಥ ಅಂಟು, ಇನ್ನೊಂದು ಬದಿ ಬೆಳ್ಳಿ ಕಾಗದ ಇರುವ ದಪ್ಪ ಹಾಳೆ ಅದು.

ಅಕ್ಕನ ಮನೆಯ ಅಂಗಳದಲ್ಲಿ ಕಾರು ನಿಂತಿತ್ತು. ಅವರ ಅತ್ತೆ ಮಂಚದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ನಾನು ಡ್ರೈವರ್ ಸೀಟಿನ ಕೆಳಗೆ ತಲೆ ತೂರಿಸಿ ಅಳತೆ ತೆಗೆಯತೊಡಗಿದೆ. ಡಬ್ಬಿ ಒಂದು ಬೆರಳು ಎತ್ತರ ಜಾಸ್ತಿ. ಸೀಟಿನ ಬೋಲ್ಟು ಬಿಚ್ಚಿ ವಾಷರ್ ಹಾಕಿ ಏರಿಸಬೇಕು. ಬೈದುಕೊಳ್ಳುತ್ತಾ ಮಗ್ಗಲು ಬದಲಿಸಿದೆ, ಕಾಲು ಬಾಗಿಲಿನಿಂದ ಹೊರಗೆ ಮೇಲಕ್ಕೆ ಹೋಯಿತು.

"ಯಾರವಾ ಅದು, ಕಾಲು ಮ್ಯಾಲ ಮಾಡ್ಕೊಂಡು ಬಿದ್ದಾನ?" ಅತ್ತೆಯ ದನಿ.

"ಹಾಡಿನಾವ್ರಿ ಅತ್ತಿ," ಅಂದರು ಅಕ್ಕ. ಆಮೇಲೆ ನನಗೆ: "ತಮ್ಮಾ, ಒಂದು ಹೇಳ್ತೇನಿ, ನಗಬ್ಯಾಡ. ನಮ್ಮತ್ತಿ ಬಾಜೂಕ ಕುಂತಾಗ ಬೇಸ್ ಚಲೋ ಬರ್ತೈತಿ. ಒಬ್ಬಾಕಿ ಹೊಂಟ್ರ ಬರಾಂಗಿಲ್ಲ."

ನಗಬೇಡ ಅಂದರೆ ನಗದೆ ಇರುವವನು ನಾನಲ್ಲ. "ಹಂಗಾರ ಈ ಡಬ್ಬಿ ಯಾಕ್ರೀ ಅಕ್ಕಾರ, ಯಮ್ಮನ್ನ ಕಾಯಂ ಫಿಟಿಂಗ್ ಮಾಡಿಬಿಡೂಣು!"

"ಸ್ಕ್ರೂ ಹಿಡ್ಕೊಂಡು ನನ್ನ ಹಂತೇಕ ಬಾ ಮಗನ, ಕೈ ಮುರದ ಕಳಸ್ತೇನಿ," ಅಂದರು ಅತ್ತೆ.

"ಚಾಷ್ಟಿ ಅಲ್ಲೋ," ಅಂದರು ಅಕ್ಕ. "ಅವರಿಗೆ ಗದ್ದಲ ಆಗಿ ಬರಾಂಗಿಲ್ಲ. ಅದಕ್ಕ ಅವರ ಬಾಜೂದ ಸ್ಪೀಕರ್ ಬಂದ್ ಮಾಡಿ, ನನ್ನ ಬಾಜೂದ್ದಷ್ಟ ಇಡ್ತೇನಿ. ಆವಾಗ ಛಂದ ಬರ್ತೈತಿ. ಎರಡೂ ಹಚ್ಚಿದ್ರ ಹೋಗಿಬಿಡ್ತೈತಿ."

ನನ್ನ ನಗು ಅರ್ಧಕ್ಕೇ ನಿಂತಿತು. ಎದ್ದ ರಭಸಕ್ಕೆ ತಲೆ ಸ್ಟೇರಿಂಗಿಗೆ ಬಡಿದು ಹಾರ್ನ್ ಹೊಡೆಯಿತು.

ಎರಡು ಸ್ಪೀಕರ್ ಇದ್ದರೆ ಎರಡೂ ಒಟ್ಟಿಗೆ ಗಾಳಿಯನ್ನು ಮುಂದಕ್ಕೆ ತಳ್ಳಬೇಕು, ಒಟ್ಟಿಗೆ ಹಿಂದಕ್ಕೆ ಎಳೆಯಬೇಕು. ಒಂದರ ಪ್ಲಸ್ ಮೈನಸ್ ಅದಲುಬದಲಾದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಒಬ್ಬ ಚೀಲಕ್ಕೆ ತುಂಬುತ್ತಿದ್ದರೆ ಇನ್ನೊಬ್ಬ ಅದೇ ವೇಗದಲ್ಲಿ ಕೆಳಗಿನಿಂದ ಸುರಿಯುತ್ತಿದ್ದ ಹಾಗೆ. ಸಣ್ಣ ಸದ್ದುಗಳು ಹೇಗೋ ಬದುಕಿಕೊಳ್ಳುತ್ತವೆ, ಬೇಸ್ ಮಾತ್ರ ಒಂದನ್ನೊಂದು ತಿಂದುಹಾಕುತ್ತದೆ. ಇದು ಈ ಕೆಲಸದ ಮೊದಲನೇ ಪಾಠ. ನಾನೇ ಎಷ್ಟೋ ಜನರ ಮುಂದೆ ಇದನ್ನು ಭಾಷಣ ಬಿಗಿದಿದ್ದೇನೆ.

ಒಳಗೆ ಕೂತು ಸದ್ದನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಬೇಸ್ ಇತ್ತು. ಪೂರ್ತಿ ಎಡಕ್ಕೆ ತಿರುಗಿಸಿದೆ, ಇತ್ತು. ನಡುವೆ ತಂದೆ, ಮಾಯ. ಇನ್ನೂ ನಂಬಲು ಮನಸ್ಸಿಲ್ಲ. ಎರಡೂ ಬಾಗಿಲಿನ ಹಲಗೆ ಬಿಚ್ಚಿ, ಸ್ಟೀರಿಯೊ ಹೊರಗೆಳೆದು ಅದರ ಕಪ್ಲರ್ ಕಳಚಿ, ಅಕ್ಕನ ಟಿವಿ ರಿಮೋಟಿನ ಒಂದು ಸೆಲ್ ಕೇಳಿ ಪಡೆದೆ. ಬಲ ಸ್ಪೀಕರಿನ ವೈರಿಗೆ ಸೆಲ್ ಮುಟ್ಟಿಸಿದರೆ ಅದರ ಕಾಗದದ ಕೋನು ಟಪ್ ಅಂತ ಮುಂದಕ್ಕೆ ಹಾರಿತು. ಎಡದ್ದಕ್ಕೆ ಮುಟ್ಟಿಸಿದೆ. ಟಪ್ ಅಂತ ಒಳಗೆ ಹೋಯಿತು.

ನೆನಪಾಯಿತು. ಮೊದಲ ದಿನ ಎಡ ಬಾಗಿಲಿಗೆ ಬರುವ ಹೊತ್ತಿಗೆ ಮಂಡಕ್ಕಿಯ ಗಿರಮಿಟ್ ಬಂದಿತ್ತು. ಎಡಗೈಯಲ್ಲಿ ಗಿರಮಿಟ್ ಪೊಟ್ಟಣ ಹಿಡಿದು, ಬಲಗೈಯಿಂದ ಒಂದು ತುತ್ತು, ಒಂದು ಸುತ್ತು ಅಂತ ವೈರು ಜೋಡಿಸಿದ್ದೆ. ಕಾರು ಸಣ್ಣದಿರಲಿಲ್ಲ, ಗಾಳಿ ಸಾಲದೆ ಇರಲಿಲ್ಲ. ಪ್ಲೈವುಡ್ಡಿನ ಬಳೆ, ನಲ್ಲಿಯ ಪೈಪು, ಬೈಪಾಸಿನಲ್ಲಿ ಮೂವರ ಕಣ್ಣೀರು, ಎಲ್ಲವೂ ಆ ಗಿರಮಿಟ್ಟಿನ ಫಲ.

ಅಕ್ಕ ಫೋನ್ ಬಂತು ಅಂತ ಒಳಗೆ ಹೋಗಿದ್ದರು. ಟೇಪು ಬಿಚ್ಚಿ ಎರಡೂ ವೈರು ಅದಲುಬದಲು ಮಾಡಿದೆ. ಮತ್ತೆ ಸೆಲ್ ಮುಟ್ಟಿಸಿದೆ. ಎರಡೂ ಮುಂದಕ್ಕೆ ಬಂದವು. ಒಂದು ತಿಂಗಳ ರೋಗಕ್ಕೆ ಎರಡು ನಿಮಿಷದ ಔಷಧ.

ಈಗ ಮುಂದಿನದು. ಹಲಗೆ ಮುಚ್ಚಿ, ಸೀಟಿನ ಕೆಳಗೆ ಡಬ್ಬಿ ಕೂರಿಸಿದರೆ ಬೇಸ್ ಭರ್ಜರಿ ಬರುತ್ತದೆ. ಡಬ್ಬಿಯಿಂದ ಬಂತು ಅಂತ ಅಕ್ಕ ಅಂದುಕೊಳ್ಳುತ್ತಾರೆ, ನನ್ನಿಂದ ಬಂತು ಅಂತ ಮಾಲಕರು ಅಂದುಕೊಳ್ಳುತ್ತಾರೆ, ಹಾವೇರಿ ಬೀಗದ ಕೈ ನನ್ನ ಸೊಂಟಕ್ಕೆ ಬರುತ್ತದೆ. ನನ್ನ ಗುಟ್ಟು ಆ ಬಾಗಿಲಿನೊಳಗೇ ಇರುತ್ತದೆ. ನಾನೇನು ದೇವರಲ್ಲ, ಸೀಟಿನ ಮೊದಲ ಬೋಲ್ಟು ಬಿಚ್ಚಿಯೂ ಬಿಟ್ಟಿದ್ದೆ.

"ತಮ್ಮಾ," ಅಂದರು ಮಂಚದ ಮೇಲಿದ್ದ ಅತ್ತೆ, ತೊಟ್ಟು ಮುರಿಯುವುದನ್ನು ನಿಲ್ಲಿಸದೆ. "ಮೊದಲ ಒಂದು ಹೊರಗ ಬಂತು, ಒಂದು ಒಳಗ ಹೋತು. ಈಗ ಎರಡೂ ಹೊರಗ ಬಂದ್ವು. ಇಷ್ಟ ಇತ್ತೇನು ರೋಗ?"

ಸುಳ್ಳು ನನ್ನ ಬಾಯಲ್ಲಿ ತಯಾರಿತ್ತು. "ಅದು ಬ್ಯಾರೇ ಯಮ್ಮಾ, ಟೆಸ್ಟಿಂಗು" ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಒಂದು ತಿಂಗಳಿಂದ ನಾನು ಕಾರನ್ನು ಬೈದಿದ್ದೆ, ಗಾಳಿಯನ್ನು ಬೈದಿದ್ದೆ, ಸ್ಪೀಕರ್ ಪಳಗಿಲ್ಲ ಅಂದಿದ್ದೆ, ಮೆಣಸಿನಕಾಯಿ ಧೂಳನ್ನು ಕೂಡ ಬೈದಿದ್ದೆ. ಬೈಯಲು ಇನ್ನು ಯಾರೂ ಉಳಿದಿರಲಿಲ್ಲ. ಬೇಸರ ಬಂದಿತ್ತು.

"ಹೌದ್ರಿ ಯಮ್ಮಾ. ಇಷ್ಟ ಇತ್ತು. ತಪ್ಪು ನಂದ."

ಅದೇ ಹೊತ್ತಿಗೆ ಅಕ್ಕ ಚಹಾ ಹಿಡಿದು ಬಾಗಿಲಿಗೆ ಬಂದಿದ್ದರು. ಕೇಳಿಸಿಕೊಂಡು ಅಲ್ಲೇ ನಿಂತರು. ಎಲ್ಲಾ ಹೇಳಿದೆ, ಗಿರಮಿಟ್ ಸಮೇತ.

"ಅಂದ್ರ ನಾ ಸ್ಟೆಪ್ನಿ ಇಲ್ದ ತಿರುಗಿದ್ದು, ರಸ್ತೆದಾಗ ನಿಂತು ಅತ್ತಿದ್ದು, ನಿನ್ನ ಗಿರಮಿಟ್ಟಿನ ಸಲುವಾಗೇನೋ ಭಾಡ್ಯಾ?"

"ಹೌದ್ರಿ."

"ಈ ಡಬ್ಬಿ?"

"ಬ್ಯಾಡ್ರಿ. ಬಾಗಲಾ ಗಟ್ಟಿ ಮಾಡಿದ್ರ ಸಾಕು."

ಚಹಾ ನನಗೆ ಕೊಡದೆ ಅತ್ತೆಗೆ ಕೊಟ್ಟರು. ನ್ಯಾಯವೇ.

ಬಾಗಿಲು ಗಟ್ಟಿ ಮಾಡುವುದು ಮಧ್ಯಾಹ್ನದವರೆಗೆ ನಡೆಯಿತು. ಹಲಗೆಯ ಹಿಂದೆ ಬಾಗಿಲಿನ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ದೊಡ್ಡ ತೂತುಗಳಿರುತ್ತವೆ. ಸ್ಪೀಕರಿನ ಬೆನ್ನಿನ ಗಾಳಿ ಅವುಗಳಿಂದ ಮುಂದೆ ಬಂದು ಬೇಸನ್ನು ಕೊಲ್ಲುತ್ತದೆ. ಆ ತೂತುಗಳನ್ನೆಲ್ಲ ಡ್ಯಾಂಪಿಂಗ್ ಶೀಟಿನಿಂದ ಮುಚ್ಚಬೇಕು, ಹೊರತಗಡಿನ ಒಳಮೈಗೂ ಅಂಟಿಸಬೇಕು. ಅಂಟು ಹಿಡಿಯಲು ರೋಲರ್ ಉಜ್ಜಬೇಕು. ರೋಲರನ್ನು ನಾನು ರಾಣೇಬೆನ್ನೂರಿನಲ್ಲೇ ಬಿಟ್ಟು ಬಂದಿದ್ದೆ, ಮರೆಯದೆ ತಂದಿದ್ದರೆ ನಾನು ನಾನಾಗುತ್ತಿರಲಿಲ್ಲ. ಅತ್ತೆ ಎದ್ದು ಹೋಗಿ ಹಳೆಯ ಲಟ್ಟಣಿಗೆ ತಂದು ಕೈಗಿಟ್ಟರು. ಎರಡೂ ಬಾಗಿಲನ್ನು ಚಪಾತಿಯ ಹಾಗೆ ಲಟ್ಟಿಸಿದೆ. ಸ್ಪೀಕರಿಗೂ ಹಲಗೆಗೂ ನಡುವೆ ಸ್ಪಂಜಿನ ಬಳೆ ಕೊಟ್ಟೆ. ವೈರು ಸುತ್ತುವ ಬದಲು ಕ್ಲಿಪ್ಪು ಒತ್ತಿ, ಪ್ಲಸ್ಸಿಗೆ ಕೆಂಪು ಟೇಪು ಹಚ್ಚಿದೆ.

ಟ್ರಯಲ್‌ಗೆ ಅಕ್ಕ, ಪಕ್ಕದಲ್ಲಿ ಅತ್ತೆ, ಹಿಂದೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡ ನಾನು. ಡಿಕ್ಕಿ ತುಂಬ ಚೀಲ. ಎರಡೂ ಕಡೆಯ ಸದ್ದು ನಡುವೆ ಇಟ್ಟು ಅಕ್ಕ ಹಾಡು ಹಚ್ಚಿದರು. ಮೊದಲ ಢಂಗೇ ಮೇಲಿನ ಕನ್ನಡಿ ನಡುಗಿತು. ಹಲಗೆ ಗಡಗಡ ಅನ್ನಲಿಲ್ಲ, ಸೀಟಿನ ಬೆನ್ನಿನಿಂದ ಸದ್ದು ಏರಿ ಬಂತು. ಅಕ್ಕ ಬಯ್ಯುವುದನ್ನು ಮರೆತು, ಸ್ಟೇರಿಂಗ್ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು.

"ಎದಿಗೆ ಬಂತೇನ್ರೀ ಅತ್ತಿ?" ಅಂತ ಕೊನೆಗೆ ಕೇಳಿದರು.

"ಹಲ್ಲಿನ ಸೆಟ್ಟಿಗೆ ಬಂತವಾ, ತಗ್ಗಸು," ಅಂದರು ಅತ್ತೆ.

ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಹಾಡು ನಿಲ್ಲಿಸದೆಯೇ ಹೋದರು. ರಾಣೇಬೆನ್ನೂರಿನವರೆಗೆ ಬಸ್ಸಿನಲ್ಲಿ ಕೂತು ಮೂರು ಸುಳ್ಳು ತಯಾರು ಮಾಡಿಕೊಂಡೆ. ಡಬ್ಬಿ ಸೀಟಿನ ಕೆಳಗೆ ಹಿಡಿಸಲಿಲ್ಲ ಅನ್ನುವ ಮೊದಲನೆಯದಂತೂ ಹೆಚ್ಚುಕಡಿಮೆ ನಿಜವೇ ಆಗಿತ್ತು.

"ಡಬ್ಬಿ ಯಾಕ ವಾಪಸ್ ತಂದಿ?" ಅಂದರು ಮಾಲಕರು.

ಮೂರನ್ನೂ ಬಿಟ್ಟು ಆದದ್ದನ್ನೇ ಹೇಳಿದೆ. ಬೆಳಿಗ್ಗೆ ಒಂದು ಸಲ ಹೇಳಿ ಆಗಿತ್ತಲ್ಲ, ಎರಡನೇ ಸಲ ಅಷ್ಟು ನೋಯಲಿಲ್ಲ. ಮಾಲಕರು ಪೂರ್ತಿ ಕೇಳಿ, ಡಬ್ಬಿ ತೆಗೆದು ಶೆಲ್ಫಿನಲ್ಲಿಟ್ಟು, "ಹಾವೇರಿಗೆ ಅವ ಹೋಗ್ಲಿ," ಅಂದರು.

"ಸಾವ್ಕಾರ್ರ, ಕಾರು ಅಂಗಡಿ ಮುಂದ ಬಂದಿಲ್ಲಲ್ರೀ!"

"ಕಾರು ಬಂದಿಲ್ಲ, ಖರೇ. ದೂರು ಹೊತ್ಕೊಂಡು ನೀ ಬಂದಿಯಲ್ಲ."

ಹೀಗೆ ಅಂದ ಮೇಲೆ ಅವರೇ ನಕ್ಕರು. ನನಗೂ ನಗು ಬಂತು, ಆದರೆ ಹಾವೇರಿ ಬರಲಿಲ್ಲ. ಕರ್ಜಗಿಯವನು ಸೋಮವಾರ ಹೋದ.

ನಾನು ಇಲ್ಲೇ ಇದ್ದೇನೆ. ಈಗ ಬಾಗಿಲಿನ ಹಲಗೆ ಮುಚ್ಚುವ ಮೊದಲು ಜೇಬಿನಿಂದ ಒಂದು ಸೆಲ್ ತೆಗೆದು ಎರಡೂ ವೈರಿಗೆ ಮುಟ್ಟಿಸುತ್ತೇನೆ. ಕೋನು ಟಪ್ ಅಂತ ಮುಂದಕ್ಕೆ ಬರುತ್ತದೆ. ಅದು ನನಗೆ ನಾಲಿಗೆ ಚಾಚಿ ಅಣಕಿಸಿದ ಹಾಗೇ ಕಾಣುತ್ತದೆ. ಚಾಚಲಿ. ಎಡದ್ದೂ ಬಲದ್ದೂ ಎರಡೂ ಚಾಚಿದ ಮೇಲೆಯೇ ನಾನು ಸ್ಕ್ರೂ ಹಾಕುವುದು.